ಹಳೇ ಪಿಯಾನೋ ತರಬ್ಯಾಡ್ರಿ, ಆದ್ರ ಸಿಕ್ಕ ಕೀಬೋರ್ಡೂ ತಗೋಬ್ಯಾಡ್ರಿ

ಹೈದರಾಬಾದಿನಾಗ ಹಳೇ ಅಪ್‌ರೈಟ್ (ಗ್ವಾಡಿಗೆ ಹಚ್ಚಿ ನಿಲ್ಲಸೋ) ಪಿಯಾನೋ ಅಗ್ಗಕ್ಕ ಸಿಗ್ಲಾಕತ್ತದ, ಒಂಬತ್ತು ವರ್ಷದ ಮಗಳಿಗೆ ಅದನ್ನ ಕಲಬುರಗಿಗೆ ತರಲೋ, ಕೀಬೋರ್ಡ್ ಕೊಡಸಲೋ ಅಂತ ಕೇಳೀರಿ. ಪಿಯಾನೋ ಬ್ಯಾಡ್ರಿ. ನಾನು ಪೇಟಿ (ಹಾರ್ಮೋನಿಯಂ) ಕಲ್ತು ಆಮ್ಯಾಲೆ ಕೀಬೋರ್ಡಿಗೆ ಬಂದಾವ. ಬೀದರಿನಾಗ ನಮ್ಮ ಬೀಗರ ಮನ್ಯಾಗ ಒಂದು ಪಿಯಾನೋ ಹಾಳಾಗಿದ್ದು ಕಣ್ಣಾರೆ ನೋಡೀನಿ.

ಪಿಯಾನೋದಾಗ ಸುಮಾರು 230 ತಂತಿ ಇರ್ತಾವ. ಎಲ್ಲಾ ಕೂಡಿ ಎಳೆಯೋ ಬಿಗಿ 15-20 ಟನ್. ಅದನ್ನ ತಡಿಯೋದು ಎರಕದ ಕಬ್ಬಿಣದ ಚೌಕಟ್ಟು ಖರೆ, ಆದ್ರ ನಾದ ಹೊಂಡೋದು ಹಿಂದಿನ ತೆಳು ಕಟ್ಟಿಗಿ ಹಲಗಿಯಿಂದ. ಕಟ್ಟಿಗಿ ತೇವ ಕುಡದ್ರ ಉಬ್ತದ, ಒಣಗಿದ್ರ ಕುಗ್ತದ. ನಮ್ಮಲ್ಲಿ ಮೇ ತಿಂಗಳಾಗ 42 ಡಿಗ್ರಿ ದಾಟೋ ಒಣ ಬಿಸಿಲು, ಅದರಾಗ ಹಗಲೆಲ್ಲಾ ಕೂಲರಿನ ಹಸಿಗಾಳಿ, ಕರೆಂಟ್ ಹೋದ್ರ ಮತ್ತ ಒಣ ಧಗಿ. ಬೀಗರ ಕೂಲರ್ ಪಿಯಾನೋದ ಎದುರಿಗೇ ಇತ್ತು. ಮೂರನೇ ಬ್ಯಾಸಿಗಿಗೆ ಹಲಗಿ ಸೀಳ್ತು, ತಂತಿ ಸುತ್ತೋ ಗೂಟ ಸಡ್ಲಾದವು. ಹೈದರಾಬಾದಿನಿಂದ ಕರಸಿದ ಟ್ಯೂನರ್ ಮುಂಜಾನಿ ಬಿಗಿ ಮಾಡಿದ್ದು ಸಂಜಿಗೆ ಇಳೀತಿತ್ತು. ಈಗ ಅದರ ಮ್ಯಾಲೆ ಟಿವಿ ಕುಂತದ.

ಹಂಗಂತ ಅಂಗಡಿಯಾವ ಕೊಟ್ಟ ಮೊದಲನೇ 61 ಕೀ ಡಬ್ಬಿ ಹೊತ್ಕೊಂಡು ಬರಬ್ಯಾಡ್ರಿ. ಪೇಟಿಯಾಗ ಕೀ ಜೋರಾಗಿ ಒತ್ರಿ, ಮೆತ್ತಗ ಒತ್ರಿ, ದನಿ ಅಷ್ಟೇ. ಏರಿಸೋದು ಇಳಿಸೋದು ತಿದಿ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೋಫೋರಿ ತಂತಿಗೆ ಸುತ್ತಿಗಿ ಹೊಡಿಯೋ ವಾದ್ಯ ಮಾಡಿದ್ದೇ ಬೆರಳಿನ ರಭಸದಾಗ ಸಣ್ಣ ದನಿ, ದೊಡ್ಡ ದನಿ ಬರ್ಲಿ ಅಂತ. ಚಲೋ ಕೀಬೋರ್ಡಿನಾಗ ಒಂದೊಂದು ಕೀ ಕೆಳಗ ಎರಡು ಸ್ವಿಚ್ ಇರ್ತಾವ. ಮೊದಲನೇದು ಮುಟ್ಟಿ ಎರಡನೇದು ಮುಟ್ಟೋದರೊಳಗ ಎಷ್ಟು ಹೊತ್ತಾತು ಅಂತ ಅಳದು ದನಿ ಕೊಡ್ತದ. ಅಂಗಡಿಯಾಗ ಒಂದೇ ಕೀ ಮೆಲ್ಲಗ ಒಮ್ಮೆ, ರಭಸಲಿಂದ ಒಮ್ಮೆ ಹೊಡದು ನೋಡ್ರಿ. ಎರಡೂ ಸಲ ಒಂದೇ ದನಿ ಬಂದ್ರ ಅದು ಕರೆಂಟಿನ ಪೇಟಿ, ಬಿಟ್ಟು ಬರ್ರಿ.

ರೊಕ್ಕ ಇದ್ರ ಒತ್ತಿದ್ರ ಖರೇ ಪಿಯಾನೋದಂಗ ಭಾರ ಅನಸೋ 88 ಕೀ ಇರೋ ಡಿಜಿಟಲ್ (ಕರೆಂಟಿನ) ಪಿಯಾನೋ ತಗೋರಿ, ಬೆರಳಿಗೆ ಖರೇ ಪಿಯಾನೋದ ರೂಢಿ ಬೀಳ್ತದ. ಹೆಡ್‌ಫೋನ್ ಹಾಕಿದ್ರ ಮಗ್ಗಲು ಮನಿಯಾವರ ನಿದ್ದಿನೂ ಉಳೀತದ. ಇನ್ವರ್ಟರಿಗೆ ಜೋಡಸ್ರಿ.

ಒಂದು ಮಾತ್ರ ಅದರಾಗ ಪೂರಾ ಸಿಗಲ್ಲ. ಪಿಯಾನೋದ ಬಲಗಡಿ ಪೆಡಲ್ ಒತ್ತಿ ಒಂದು ಸ್ವರ ಹೊಡದ್ರ, ಮುಟ್ಟದ ತಂತಿಗಳೂ ಗುಂಯ್ ಅಂತಾವ. ಹೈದರಾಬಾದಿಗೆ ಹೋದಾಗ ಆ ಹಳೇ ಪಿಯಾನೋದ ಮ್ಯಾಲೆ ಮಗಳ ಕೈಲಿ ಅಷ್ಟು ಮಾಡಸ್ರಿ, ಆಮ್ಯಾಲೆ ಬರಿಗೈಲೇ ಬರ್ರಿ.