ಕ್ರೈಸ್ತರಾಗಿ ಮನಸ್ಸನ್ನು ನವೀಕರಿಸಿಕೊಳ್ಳಲು ಕೈಗೆಟಕುವ ಗುರಿ ಯಾವುದು?

ಒಂದೇ ವರ್ಷದಲ್ಲಿ ಬೈಬಲ್ ಮುಗಿಸಲು ಹೊರಟು ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲೇ ನಿಂತುಬಿಟ್ಟೆ, ಈಗೇನು ಮಾಡಲಿ ಎಂದು ಕೇಳಿದ್ದೀರಿ. 1,189 ಅಧ್ಯಾಯ ಎಂದರೆ ದಿನಕ್ಕೆ ಮೂರು-ನಾಲ್ಕು. ದಿನಾ ಬೆಳಿಗ್ಗೆ ಬೀದರ್‌ನಿಂದ ಹುಮನಾಬಾದ್ ಬಸ್ ಹಿಡಿಯುವ ನಿಮಗೆ ಅದು ಭಾರವೇ.

119ನೇ ಕೀರ್ತನೆಯಿಂದ ಶುರುಮಾಡಿ. ಅದರ 176 ವಚನಗಳು ಎಂಟೆಂಟರಂತೆ 22 ಭಾಗಗಳಾಗಿವೆ. ದಿನಕ್ಕೊಂದು ಭಾಗ ಸಾಕು. ಮನಸ್ಸಿಗೆ ತಟ್ಟಿದ ಒಂದು ವಚನವನ್ನು ಬರೆದಿಟ್ಟುಕೊಂಡು ಬಸ್ಸಿನಲ್ಲಿ ಮೆಲುಕು ಹಾಕಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿದೂಗಿಸಲು ಹೋಗಬೇಡಿ, ಬಿಟ್ಟಲ್ಲಿಂದ ಮುಂದುವರಿಯಿರಿ.

ಓದಿಗಿಂತ ಕಷ್ಟದ್ದು ಯೋಚನೆಯ ಚಾಳಿ. ರೋಮಾಪುರದವರಿಗೆ ಬರೆದ ಪತ್ರದ 12:2ರಲ್ಲಿ ಅಪೊಸ್ತಲ ಪೌಲನು ಹೇಳುವ, ಮನಸ್ಸು ಹೊಸದಾಗುವ ಬದಲಾವಣೆ ಆಗಬೇಕಾದದ್ದು ಅಲ್ಲೇ, ಅದನ್ನು ಮಾಡುವವನು ಪವಿತ್ರಾತ್ಮನು. ಹಾಗಾಗಿ ಈ ತಿಂಗಳು ಒಂದನ್ನೇ ಹಿಡಿಯಿರಿ: ಅಸೂಯೆಯೋ, ನಾಳೆಯ ಚಿಂತೆಯೋ, ಮನೆಯವರ ಮೇಲಿನ ಸಿಟ್ಟೋ. ಅದು ತಲೆ ಎತ್ತಿದಾಗಲೆಲ್ಲ ಫಿಲಿಪ್ಪಿಯವರಿಗೆ 4:8ನ್ನು ನೆನೆದು, ಈ ಯೋಚನೆ ಸತ್ಯವೇ, ನ್ಯಾಯವೇ, ಶುದ್ಧವೇ ಎಂದು ಕೇಳಿಕೊಳ್ಳಿ. ಆ ಕ್ಷಣವೇ ಒಂದು ಚಿಕ್ಕ ಪ್ರಾರ್ಥನೆ ಮಾಡಿ.

ದಯವಿಟ್ಟು ಇದನ್ನು ಒಬ್ಬರೇ ಮಾಡಬೇಡಿ. ನಿಮ್ಮ ಮೆಥಡಿಸ್ಟ್ ಸಭೆಯಲ್ಲಿ ನೀವು ನಂಬುವ ಹಿರಿಯರೊಬ್ಬರ ಹತ್ತಿರ, ಭಾನುವಾರ ಆರಾಧನೆ ಮುಗಿದ ಮೇಲೆ, ವಾರ ಹೇಗೆ ಹೋಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿ.