ಓಪನ್ ಸೋರ್ಸ್ ಯೋಜನೆಗೆ ಅನುದಾನ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, ಓಪನ್ ಸೋರ್ಸ್ (ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರುವ) ತಂತ್ರಾಂಶಗಳಿಗಾಗಿ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್ ಅನ್ನು ಮೊದಲು ನೋಡಿ. ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ. ಉದ್ದುದ್ದ ಅರ್ಜಿಯ ಗೋಜಿಲ್ಲ. ಯೋಜನೆಯ ವಿವರ, ಬೇಕಾದ ಹಣ, ಹಿಂದಿನ ಆದಾಯ-ಖರ್ಚುಗಳನ್ನು ‘ಫಂಡಿಂಗ್.ಜೇಸನ್’ (funding.json) ಎಂಬ ಕಡತದಲ್ಲಿ ಬರೆದು, ನಿಮ್ಮ ಜಾಲತಾಣದಲ್ಲಿ ಇರಿಸಿ, ಕೊಂಡಿಯನ್ನು ಸಲ್ಲಿಸಬೇಕು. ಆದರೆ ಈಗಾಗಲೇ ಜನರ ಬಳಕೆಯಲ್ಲಿರುವ ತಂತ್ರಾಂಶಗಳಿಗೇ ಇಲ್ಲಿ ಆದ್ಯತೆ.

ಹೊಸದಾಗಿ ಕಟ್ಟುತ್ತಿದ್ದರೆ ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನವೇ ವಾಸಿ. ಅದರ ಎನ್‌ಜಿಐ (ನೆಕ್ಸ್ಟ್ ಜನರೇಶನ್ ಇಂಟರ್ನೆಟ್) ಝೀರೊ ನಿಧಿಗಳಲ್ಲಿ ಮೊದಲ ಅರ್ಜಿಗೆ 5 ಸಾವಿರದಿಂದ 50 ಸಾವಿರ ಯೂರೋ. ಕೆಲಸವನ್ನು ಹಂತಗಳಾಗಿ ಒಡೆಯಬೇಕು, ಹಂತ ಮುಗಿದಂತೆ ಹಣ ಬರುತ್ತದೆ. ಬಜೆಟ್‌ನಲ್ಲಿ ದೋಷ ತಿದ್ದುವ, ಕೈಪಿಡಿ ಬರೆಯುವ ಗಂಟೆಗಳನ್ನೂ ದಯವಿಟ್ಟು ಸೇರಿಸಿ, ಸಂಕೋಚ ಬೇಡ.