ಬೆಟ್ಟವೇ ಕಾಣದ ಊರಲ್ಲಿ 121ನೇ ಕೀರ್ತನೆ

ತಮ್ಮಾ, ವಂದನೆಗಳು. ದುಬೈಗೆ ಬಂದು ನಾಲ್ಕು ತಿಂಗಳಾಯಿತು, ಎರಡು ತಿಂಗಳ ಸಂಬಳ ಕೈಗೆ ಬಂದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ ಅಂತ ಬರೆದಿದ್ದೀಯ. ದೇವರ ಮೇಲೆ ಭಾರ ಹಾಕಿ ಸುಮ್ನೆ ಇರಬೇಕಾ ಅಂತ ಕೇಳಿದ್ದೀಯ.

ಸುಮ್ನೆ ಇರಬೇಡ. ಇಲ್ಲಿ ಸಂಬಳ ಬ್ಯಾಂಕಿನ ಮೂಲಕ ಬರಬೇಕೆಂಬ ವ್ಯವಸ್ಥೆ 2009ರಿಂದ ಇದೆ. ಬಾರದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಕಂಪನಿಯವರು ನಿನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ದೂರು ಕೊಟ್ಟರೆ ನಂಬಿಕೆ ಕಡಿಮೆ ಆಯಿತು ಅಂತ ಅಲ್ಲ. ಬೈಬಲಿನ 121ನೇ ಕೀರ್ತನೆ ಶುರುವಾಗುವುದೇ ಒಂದು ಪ್ರಶ್ನೆಯಿಂದ, ಅಲ್ವಾ? ಹಾಡುವವನು ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ಸಹಾಯ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾನೆ. ಹಾಗೆ ಕೇಳುವುದೂ ಪ್ರಾರ್ಥನೆಯೇ.

ನಾನು 2006ರಲ್ಲಿ ಬೆಟಗೇರಿಯಿಂದ ಬಂದೆ. ಮರುವರ್ಷ ನನ್ನ ಕಂಪನಿ ಮೂರು ತಿಂಗಳು ಸಂಬಳ ಕೊಡಲಿಲ್ಲ. ಅದೇ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದರು. ಇಲ್ಲಿನ ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಜನ. ಮೇಲಿನ ಮಂಚದಲ್ಲಿ ಮಲಗಿ ಸೂರು ನೋಡುತ್ತಿದ್ದೆ. ನನಗೂ ಮಾತು ಬರುತ್ತಿರಲಿಲ್ಲ. ಆಗ ಅವ್ವ ಫೋನಿನಲ್ಲಿ ಹೇಳಿದಳು: ನಿನ್ನ ಮಾತು ಬ್ಯಾಡ, ಕೀರ್ತನೆ ಓದು.

ಬೈಬಲ್ ತೆಗೆದು ನೋಡು. ಎಂಟೇ ವಚನ. ಮೊದಲ ಎರಡರಲ್ಲಿ 'ನಾನು' ಅನ್ನುತ್ತಾನೆ. ಮೂರನೆಯದರಿಂದ 'ನೀನು', 'ನಿನ್ನನ್ನು' ಅಂತ ಬರುತ್ತದೆ. ದಾರಿಗೆ ಹೊರಟವನಿಗೆ ಬೇರೆ ಯಾರೋ ಧೈರ್ಯ ಹೇಳಿದ ಹಾಗೆ. ಇದು ಯೆರೂಸಲೇಮಿಗೆ ನಡೆದು ಹೋಗುವವರ ಯಾತ್ರಾಗೀತೆ, ಅಂಥವು ಹದಿನೈದಿವೆ. ನಾನು ಎರಡು ವಚನ ಓದುತ್ತಿದ್ದೆ, ಉಳಿದ ಆರನ್ನು ಅವ್ವ ನನಗೆ ಹೇಳುತ್ತಿದ್ದಳು. ಇಲ್ಲಿ ಒಂಬತ್ತಾದರೆ ಅಲ್ಲಿ ಹತ್ತೂವರೆ. ದಿನವಿಡೀ ದುಡಿದವಳು, ಆ ಫೋನಿಗಾಗಿ ಎದ್ದು ಕೂತಿರುತ್ತಿದ್ದಳು.

ದಿನಕ್ಕೊಂದು ವಚನ ಸಾಕು. ಬೆಳಿಗ್ಗೆ ಬಸ್ಸಿನಲ್ಲಿ ಓದು, ಸೈಟಿನಲ್ಲಿ ಅದನ್ನೇ ಮನಸ್ಸಿನಲ್ಲಿ ಆಡಿಸುತ್ತಿರು. ಹೀಬ್ರೂ ಮೂಲದಲ್ಲಿ 'ಕಾಯು' ಅನ್ನುವ ಒಂದೇ ಪದ ಆರು ಸಲ ಬರುತ್ತದಂತೆ. ನಿನ್ನನ್ನು ಕಾಯುವಾತನು ತೂಕಡಿಸುವುದಿಲ್ಲ ಅನ್ನುವ ಮಾತು ನನ್ನನ್ನು ಹಿಡಿದುಕೊಂಡಿತು. ಆತನು ಎಚ್ಚರವಾಗಿದ್ದಾನೆ, ಹಾಗಾದರೆ ನಾನು ಕಣ್ಣು ಮುಚ್ಚಬಹುದು. ಆ ರಾತ್ರಿ ಮಲಗಿದೆ. ಸಂಬಳ ಬಂದಿದ್ದು ಆಮೇಲೆ, ಅದೂ ಎಂಟು ಜನ ಒಟ್ಟಾಗಿ ದೂರು ಕೊಟ್ಟ ಮೇಲೆ. ಅಪ್ಪನನ್ನು ಮಾತ್ರ ನಾನು ಮತ್ತೆ ನೋಡಲಿಲ್ಲ. ಆ ನೋವನ್ನು ಕೀರ್ತನೆ ಅಳಿಸಲಿಲ್ಲ. ಆದರೆ ಆ ನೋವಿನಲ್ಲಿ ನಾನು ಒಬ್ಬನೇ ಇರಲಿಲ್ಲ, ಇದನ್ನು ಎದೆ ಮುಟ್ಟಿ ಹೇಳುತ್ತೇನೆ.

ಹಗಲಲ್ಲಿ ಬಿಸಿಲು ಬಡಿಯದು ಅನ್ನುವ ವಚನವೂ ಅಲ್ಲೇ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತು ನೆರಳಲ್ಲಿ ಕೂರು, ನೀರು ಜಾಸ್ತಿ ಕುಡಿ.

ಶುಕ್ರವಾರ ಊದ್ ಮೇತಾ ಮೆಟ್ರೋ ಹತ್ತಿರ ಬಾ. ಅಲ್ಲಿಂದ ಚರ್ಚಿಗೆ ಒಟ್ಟಿಗೆ ಹೋಗೋಣ. ದೂರಿನ ಕಾಗದ ಏನಿದ್ದರೂ ತಗೊಂಡು ಬಾ, ನಾನು ನೋಡುತ್ತೇನೆ. ಅಲ್ಲಿಯವರೆಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡು. ನೀನು ಎರಡು ವಚನ ಓದು, ಉಳಿದದ್ದು ನಾನು ಹೇಳುತ್ತೇನೆ.